ಬರೆದವರ ಹೆಸರು ಕೆಳಗೆ ಇರಬೇಕು

ವಿದ್ಯಾನಗರದ ಸಿವಿಲ್ ಸ್ಟೇಷನ್ನಿಗೂ ಕೋರ್ಟಿಗೂ ದಿನಾ ಬರುವವರಲ್ಲಿ ಅಂಗಡಿಯವರು ಕಡಿಮೆಯಿಲ್ಲ. ಹೋಟೆಲು ನಡೆಸುವವರು, ಅಡಕೆ ವ್ಯಾಪಾರದವರು, ಸಣ್ಣ ವರ್ಕ್‌ಶಾಪ್ ಇಟ್ಟವರು. ಕೈಯಲ್ಲಿ ಒಂದು ನೋಟೀಸೋ ಅರ್ಜಿಯೋ ಇರುತ್ತದೆ. ಹೆಚ್ಚಿನವರು ಅದಕ್ಕೆ ಉತ್ತರವನ್ನು ತಾವೇ ಬರೆಯುವುದಿಲ್ಲ, ದುಡ್ಡು ಕೊಟ್ಟು ಬರೆಸುತ್ತಾರೆ. ಓದು ಬಾರದ್ದಕ್ಕೆ ಅಂತ ಹೇಳುವವರುಂಟು. ಆದರೆ ಡಿಗ್ರಿ ಮಾಡಿದವರೂ ಬರೆಸುತ್ತಾರಲ್ಲ? ಕಾರಣ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದಾಗ ಊರಿನ ಲೆಕ್ಕ ಶಾನುಭೋಗರ ಕೈಯಲ್ಲಿತ್ತು, ಕನ್ನಡದಲ್ಲಿತ್ತು. ಮಾತು ತುಳುವಾದರೂ ಮಲೆಯಾಳವಾದರೂ ಕಾಗದ ಕನ್ನಡವೇ. ಬ್ರಿಟಿಷರು 1864ರಲ್ಲಿ ನೋಂದಣಿ ಕಾನೂನು ತಂದರು. ಈಗ ನಡೆಯುತ್ತಿರುವುದು 1908ರದ್ದು. ಅದರ 32ನೇ ಕಲಮಿನ ಪ್ರಕಾರ ಪತ್ರವನ್ನು ಕಕ್ಷಿಗಾರನೇ ಹಾಜರುಪಡಿಸಬೇಕೆಂದಿಲ್ಲ, ಸರಿಯಾದ ಮುಖ್ತ್ಯಾರು ಪತ್ರ ಇದ್ದ ಏಜೆಂಟನೂ ಹಾಜರುಪಡಿಸಬಹುದು. 19ನೇ ಕಲಮು ಭಾಷೆಯ ಮಾತು ಹೇಳುತ್ತದೆ. ಪತ್ರದ ಭಾಷೆ ಅಧಿಕಾರಿಗೆ ತಿಳಿಯದೆ, ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯದ್ದೂ ಅಲ್ಲದೆ ಇದ್ದರೆ ಅನುವಾದ ಜೊತೆಗಿರಬೇಕು. ಅಂದರೆ ಬೇರೆಯವರ ಪರವಾಗಿ ಕಚೇರಿಗೆ ಹೋಗುವವರಿಗೆ, ಬರೆಯುವವರಿಗೆ ಕಾನೂನೇ ಜಾಗ ಮಾಡಿಕೊಟ್ಟಿತ್ತು.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಭಾಷೆಯ ಪ್ರಶ್ನೆಯನ್ನು ಎಲ್ಲರೂ ಹೇಳುತ್ತಾರೆ. ಕಚೇರಿಯ ಜಾಗವೂ ಬದಲಾದದ್ದನ್ನು ಹೇಳುವವರು ಕಡಿಮೆ. ಅಲ್ಲಿಯವರೆಗೆ ಜಿಲ್ಲಾ ಕೆಲಸಕ್ಕೆ ಮಂಗಳೂರು, ಸುಮಾರು 50 ಕಿಲೋಮೀಟರ್. 1957ರಿಂದ ಕಣ್ಣೂರು, ಹತ್ತಿರಹತ್ತಿರ 90. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ಕ್ಕೆ. ನಡುವಿನ 27 ವರ್ಷ ಒಂದು ಸಹಿಗಾಗಿ ಕಣ್ಣೂರಿಗೆ ಹೋಗಬೇಕಾದ ಅಂಗಡಿಯವನು ಆ ದಿನ ಬಾಗಿಲು ಹಾಕಬೇಕು. ಇಬ್ಬರು ಮೂವರ ಅಂಗಡಿಯಲ್ಲಿ ಒಂದು ದಿನದ ವ್ಯಾಪಾರ ಅಂದರೆ ಸಣ್ಣದಲ್ಲ. ಹಾಗಾಗಿ ಕಚೇರಿ ಗೊತ್ತಿದ್ದವರಿಗೆ ಕೊಡುವ ಕೂಲಿ ಅಗ್ಗವೆಂದೇ ಕಾಣುತ್ತದೆ.

ಇನ್ನು ಭಾಷೆ. ಇಲ್ಲಿನ ವ್ಯಾಪಾರಿಗೆ ತುಳು, ಕನ್ನಡ, ಮಲೆಯಾಳ, ಬ್ಯಾರಿ, ಕೊಂಕಣಿ ಎಲ್ಲ ಮಾತಿಗೆ ಬರುತ್ತದೆ. ಆದರೆ ಕಚೇರಿಯ ಮಲೆಯಾಳ ಮೀನು ಮಾರ್ಕೆಟಿನ ಮಲೆಯಾಳವಲ್ಲ. ರಾಜ್ಯದ ಅಧಿಕೃತ ಭಾಷಾ ಕಾನೂನು 1969ರದ್ದು. ಅದರ ವ್ಯವಸ್ಥೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಹಕ್ಕು ಉಂಟು. ಆದರೆ ಲೈಸೆನ್ಸಿನ ಗಡುವು ಮುಗಿಯುತ್ತ ಬಂದಾಗ ಹಕ್ಕಿಗಾಗಿ ವಾದ ಮಾಡುವಷ್ಟು ಪುರುಸೊತ್ತು ಅಂಗಡಿಯವನಿಗೆ ಇಲ್ಲ. ಅವನು ಮಲೆಯಾಳ ಬರೆಯುವವರ ಮೇಜಿನ ಮುಂದೆ ಕೂರುತ್ತಾನೆ.

ಹಾಗೆ ಕೂತಲ್ಲಿಯೇ ಅಪಾಯವೂ ಉಂಟು. ಓದಲಾಗದ ಕಾಗದಕ್ಕೆ ಸಹಿ ಹಾಕುವುದೆಂದರೆ ಬರೆದವರನ್ನು ಪೂರ್ತಿ ನಂಬಿದ ಹಾಗೆ. ಕೇರಳದಲ್ಲಿ 1960ರಲ್ಲಿ ಪತ್ರ ಬರಹಗಾರರ ಲೈಸೆನ್ಸ್ ನಿಯಮಗಳು ಬಂದದ್ದನ್ನು ಈ ದೃಷ್ಟಿಯಿಂದ ನೋಡಬೇಕು. ಆಧಾರದ ಕೊನೆಗೆ ಬರೆದವರ ಹೆಸರು, ಲೈಸೆನ್ಸ್ ನಂಬರು ಬರುತ್ತದೆ. ಸರ್ವೆ ನಂಬರು ತಪ್ಪಿದರೆ ಯಾರನ್ನು ಕೇಳಬೇಕೆಂದು ಗೊತ್ತಾಗುತ್ತದೆ. ಗುರ್ತದವರು ಉಪಕಾರಕ್ಕೆ ಬರೆದುಕೊಟ್ಟದ್ದಕ್ಕೂ ಲೈಸೆನ್ಸಿನವರು ಬರೆದದ್ದಕ್ಕೂ ಇರುವ ವ್ಯತ್ಯಾಸ ಅಕ್ಷರದ್ದಲ್ಲ, ಜವಾಬ್ದಾರಿಯದ್ದು.

ಬೇರೆ ದೇಶದಲ್ಲೂ ಇದೇ ಲೆಕ್ಕ. ಅಮೆರಿಕದಲ್ಲಿ ಕಂಪೆನಿ ನೋಂದಾಯಿಸುವಾಗ ಆ ರಾಜ್ಯದೊಳಗೆ ವಿಳಾಸವಿರುವ ಒಬ್ಬ ನೋಂದಾಯಿತ ಏಜೆಂಟನ ಹೆಸರು ಕೊಡಬೇಕು. ಕೋರ್ಟಿನ ಸಮನ್ಸು ಅವನಿಗೆ ತಲುಪಿದರೆ ಕಂಪೆನಿಗೇ ತಲುಪಿದ ಹಾಗೆ. ನಮ್ಮಲ್ಲಿ ಕಂಪೆನಿಗಳಿಗೆ ಏಜೆಂಟನ ಬದಲು ನೋಂದಾಯಿತ ಕಚೇರಿ ಇರಬೇಕೆಂದು 2013ರ ಕಂಪೆನಿ ಕಾನೂನು ಹೇಳುತ್ತದೆ.

ನಮ್ಮ ಅಂಗಡಿಯವನಿಗೆ ಆ ಜಾಗದಲ್ಲಿ ಈಗ ಇರುವುದು ಒಂದು ಇಮೇಲ್, ಒಂದು ಫೋನ್ ನಂಬರು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ರಿಟರ್ನ್ ಸಲ್ಲಿಸಲು ನೋಂದಾಯಿತ ಜಿಎಸ್‌ಟಿ ಪ್ರಾಕ್ಟೀಷನರ್ ಎಂಬವರು ಬಂದರು. ಆ ಕಾನೂನಿನ 169ನೇ ಕಲಮಿನಂತೆ, ನೋಂದಣಿಯಲ್ಲಿ ಕೊಟ್ಟ ಇಮೇಲಿಗೆ ಕಳಿಸಿದ ಅಥವಾ ಪೋರ್ಟಲಿನಲ್ಲಿ ಹಾಕಿದ ನೋಟೀಸು ತಲುಪಿದ ಲೆಕ್ಕವೇ. ಸುಲಭಕ್ಕೆಂದು ಬರೆಯುವವರ ಇಮೇಲನ್ನೇ ಕೊಟ್ಟರೆ ನೋಟೀಸು ಅಲ್ಲಿಗೇ ಹೋಗುತ್ತದೆ. ಅವರು ನೋಡದಿದ್ದರೆ ಗಡುವು ದಾಟುವುದು ಅಂಗಡಿಯವನದ್ದು. 48ನೇ ಕಲಮು ಸ್ಪಷ್ಟವಾಗಿಯೇ ಹೇಳಿದೆ, ಪ್ರಾಕ್ಟೀಷನರ್ ಸಲ್ಲಿಸಿದ ವಿವರ ಸರಿಯಾಗಿರುವ ಹೊಣೆ ನೋಂದಣಿ ಮಾಡಿಸಿದವನ ಮೇಲೆಯೇ.

ಶಾನುಭೋಗರ ಕಾಲದಿಂದ ಇಲ್ಲಿಯವರೆಗೆ ಬರೆಯುವವರು ಬದಲಾದರು, ಬರೆಸುವ ಕಾರಣ ಹೆಚ್ಚು ಬದಲಾಗಲಿಲ್ಲ. ಕಚೇರಿಯ ದೂರ, ಕಚೇರಿಯ ಭಾಷೆ, ಅಂಗಡಿಯವನಿಗೆ ಇಲ್ಲದ ಸಮಯ. ಬರೆಸುವುದರಲ್ಲಿ ನಾಚಿಕೆ ಏನಿಲ್ಲ. ಆದರೆ ಬರೆದವರ ಹೆಸರು, ನಂಬರು ಕೇಳಿಕೊಳ್ಳಬೇಕು. ಇಮೇಲ್, ಫೋನ್ ನಮ್ಮದೇ ಕೊಡಬೇಕು. ಸಹಿಗೆ ಮೊದಲು ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿಸಬೇಕು, ಒಂದು ಪ್ರತಿ ಮನೆಯಲ್ಲಿಡಬೇಕು. ಗಡುವಿನ ಅವಸರ ಇಲ್ಲದ ಅರ್ಜಿಯನ್ನಾದರೂ ಕನ್ನಡದಲ್ಲೇ ಕೊಡಬೇಕು. ಕೊಡುವವರೇ ಇಲ್ಲದಿದ್ದರೆ ಕನ್ನಡ ಓದುವ ಗುಮಾಸ್ತರು ಇಲ್ಲಿಗೆ ಬೇಕು ಅಂತ ಸರಕಾರಕ್ಕೆ ಯಾರು ಹೇಳುವುದು?