ಹದಿನೈದು ನಿಮಿಷದ ಅನಾನಸ್ ಕೇಕ್: ಸಿಪ್ಪೆ ತೆಗೆದವರು ಯಾರು?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಓದೋಕೆ ಅನುಕೂಲ ಆಗುವ ಹಾಗೆ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ.

ಇವತ್ತಿನ ವಿಷಯ ಒಂದು ಕೇಕ್. ಅನಾನಸ್ ಬಿಲ್ಲೆಗಳನ್ನು ತಳದಲ್ಲಿ ಜೋಡಿಸಿ, ಮೇಲೆ ಹಿಟ್ಟು ಸುರಿದು ಬೇಯಿಸಿ, ಆಮೇಲೆ ತಟ್ಟೆಗೆ ಬೋರಲು ಹಾಕ್ತಾರಲ್ಲ, ಆ ಕೇಕ್. ಇಂಗ್ಲಿಷ್‌ನಲ್ಲಿ ಪೈನಾಪಲ್ ಅಪ್‌ಸೈಡ್ ಡೌನ್ ಕೇಕ್ ಅಂತಾರೆ. ನಾವು ತಲೆಕೆಳಗು ಕೇಕ್ ಅನ್ನೋಣ.

ಕಳೆದ ತಿಂಗಳು ಅಮ್ಮ ಸಾಗರದಿಂದ ಪುಣೆಗೆ ಬಂದಿದ್ರು. ಭಾನುವಾರ ಮಧ್ಯಾಹ್ನ ನಾನೇ ಈ ಕೇಕ್ ಮಾಡಿದೆ. ಟಿನ್ ಒಡೆದೆ, ಬಿಲ್ಲೆ ಜೋಡಿಸಿದೆ, ಹಿಟ್ಟು ಕಲಸಿ ಸುರಿದೆ, ಓಟಿಜಿಯಲ್ಲಿ ಇಟ್ಟೆ. "ನೋಡಮ್ಮ, ಹದಿನೈದೇ ನಿಮಿಷದ ಕೆಲಸ" ಅಂತ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ. ಅಮ್ಮ ತಿಂದ್ರು, ಚೆನ್ನಾಗಿದೆ ಅಂದ್ರು. ಆಮೇಲೆ ಕೇಳಿದ್ದು ಒಂದೇ ಮಾತು: "ಸಿಪ್ಪೆ ಯಾರು ತೆಗೆದ್ರೋ?"

ಅಮ್ಮ ಕೇಳಿದ್ದಕ್ಕೆ ಕಾರಣ ಇದೆ. ನಮ್ಮನೆಯಲ್ಲಿ ಅನಾನಸ್ ಗೊಜ್ಜು ಅಂದ್ರೆ ಅರ್ಧ ದಿನದ ಕೆಲಸ. ಈಳಿಗೆಮಣೆ ಮುಂದೆ ಕೂತು ಮುಳ್ಳಿನ ಸಿಪ್ಪೆ ಹೆರೆಯಬೇಕು, ಒಂದೊಂದೇ ಕಣ್ಣು ಕೀಳಬೇಕು, ನಡುವಿನ ದಿಂಡು ತೆಗೀಬೇಕು. ರಸ ತಾಗಿ ಬೆರಳು ಉರಿಯುತ್ತೆ. ನನಗೆ ಗೊಜ್ಜಿನ ರುಚಿ ಚೆನ್ನಾಗಿ ನೆನಪಿದೆ. ಅಮ್ಮನ ಬೆರಳು ಉರಿಯುತ್ತಿದ್ದದ್ದು ಅವರು ಹೇಳಿದ ಮೇಲೇ ನೆನಪಾಗಿದ್ದು. ಹಾಗಾದ್ರೆ ನನ್ನ ಟಿನ್ನಿನ ಒಳಗಿದ್ದ ಬಿಲ್ಲೆಗಳ ಸಿಪ್ಪೆ ತೆಗೆದವರು ಯಾರು? ಆ ಪ್ರಶ್ನೆಯ ಹಿಂದೆ ಹೋದ್ರೆ ಸಿಗೋದು ಹವಾಯಿ ದ್ವೀಪಗಳ ನೂರು ವರ್ಷದ ಇತಿಹಾಸ.

ಕುಂಡದಲ್ಲಿ ಪ್ರಯಾಣ ಮಾಡಿದ ಹಣ್ಣು

ಮೊದಲು ಹಣ್ಣಿನ ಊರು ಯಾವುದು ಅಂತ ನೋಡೋಣ. ಅನಾನಸ್ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಕೊಲಂಬಸ್ ಇದನ್ನು ಕಂಡಿದ್ದು 1493ರಲ್ಲಿ, ಗ್ವಾಡಲೂಪ್ ದ್ವೀಪದಲ್ಲಿ. ನಾವು ಅನಾನಸ್ ಅಂತೀವಲ್ಲ, ಆ ಹೆಸರು ಬ್ರೆಜಿಲ್‌ನ ತುಪಿ ಜನರ ಮಾತಿನಿಂದ ಪೋರ್ಚುಗೀಸರ ಬಾಯಿಗೆ ಬಂದು, ಅವರ ಹಡಗಿನಲ್ಲಿ ನಮ್ಮ ಕರಾವಳಿಗೆ ಇಳಿಯಿತು. ಇದೆಲ್ಲ 16ನೇ ಶತಮಾನದ ಮಾತು.

ಅಕ್ಬರನ ಆಸ್ಥಾನದ ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಈ ಹಣ್ಣಿಗೆ ಇದ್ದ ಇನ್ನೊಂದು ಹೆಸರನ್ನೂ ದಾಖಲಿಸಿದ್ದಾನೆ: ಕಟಹಲ್-ಇ-ಸಫರಿ. ಅಂದ್ರೆ 'ಪ್ರಯಾಣದ ಹಲಸು'. ಎಳೆ ಗಿಡವನ್ನು ಕುಂಡದಲ್ಲಿ ಇಟ್ಟುಕೊಂಡು ಪ್ರಯಾಣ ಹೋದರೂ ಅದು ಹಣ್ಣು ಬಿಡುತ್ತೆ, ಅದಕ್ಕೇ ಆ ಹೆಸರಂತೆ. ಊರು ಬಿಟ್ಟು ಬಾಡಿಗೆ ಫ್ಲಾಟಿನಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೂ ಈ ಹೆಸರು ಒಪ್ಪುತ್ತೆ ಅಲ್ವಾ? ಮುಂದೆ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಈ ಹಣ್ಣು ಫಿರಂಗಿಗಳ ಬಂದರುಗಳಿಂದ ಬಂದದ್ದು, ಆಗ್ರಾದ ಗುಲ್ ಅಫ್‌ಶಾನ್ ತೋಟದಲ್ಲಿ ವರ್ಷಕ್ಕೆ ಸಾವಿರಾರು ಬೆಳೆಯುತ್ತೆ ಅಂತ ಬರೆದುಕೊಂಡಿದ್ದಾನೆ.

ಆದರೆ ಈ ಹಣ್ಣಿಗೆ ಒಂದು ತೊಂದರೆ ಇದೆ. ಮಾವು, ಬಾಳೆ ಹಾಗೆ ಇದನ್ನು ಕಾಯಿ ಇರುವಾಗ ಕಿತ್ತು, ಆಮೇಲೆ ಹಣ್ಣು ಮಾಡಿಕೊಳ್ಳೋಕೆ ಆಗಲ್ಲ. ಕಿತ್ತ ಮೇಲೆ ಸಿಹಿ ಏರುವುದಿಲ್ಲ. ಗಿಡದಲ್ಲೇ ಹಣ್ಣಾದದ್ದು ಬೇಗ ಕೊಳೆಯುತ್ತೆ. ಆಗಿನ ಹಡಗುಗಳಲ್ಲಿ ದೂರದ ಊರಿಗೆ ಕಳಿಸೋದು ಕಷ್ಟವಿತ್ತು. ಹಾಗಾಗಿ ಡಬ್ಬಿ ಬರುವ ತನಕ ಯುರೋಪ್, ಅಮೆರಿಕದ ಸಾಮಾನ್ಯ ಮನೆಗಳಿಗೆ ಅನಾನಸ್ ಅಪರೂಪದ ವಸ್ತು.

ಹೊನೊಲುಲುವಿಗೆ ಬಂದ 22ರ ಹುಡುಗ

ಈಗ ಹವಾಯಿಗೆ ಹೋಗೋಣ. ಅದು ಮೊದಲು ಸ್ವತಂತ್ರ ರಾಜ್ಯ. 1893ರ ಜನವರಿಯಲ್ಲಿ ಅಲ್ಲಿನ ಬಿಳಿಯ ಜಮೀನ್ದಾರರು, ವ್ಯಾಪಾರಿಗಳು ಸೇರಿ ರಾಣಿ ಲಿಲಿಯುಓಕಲಾನಿಯನ್ನು ಪದಚ್ಯುತಿ ಮಾಡಿದರು. ಆಮೇಲೆ ಬಂದ ಸರ್ಕಾರದ ಅಧ್ಯಕ್ಷ ಸ್ಯಾನ್‌ಫೋರ್ಡ್ ಡೋಲ್. 1898ರಲ್ಲಿ ಅಮೆರಿಕ ಆ ದ್ವೀಪಗಳನ್ನು ತನ್ನೊಳಗೆ ಸೇರಿಸಿಕೊಂಡಿತು.

ಮರುವರ್ಷವೇ, 1899ರಲ್ಲಿ, ಬಾಸ್ಟನ್ ಕಡೆಯ ಒಬ್ಬ ಹುಡುಗ ಹೊನೊಲುಲುವಿನಲ್ಲಿ ಇಳಿದ. ಹೆಸರು ಜೇಮ್ಸ್ ಡೋಲ್. ವಯಸ್ಸು 22, ಹಾರ್ವರ್ಡ್ ಪದವೀಧರ, ಅಧ್ಯಕ್ಷ ಡೋಲ್‌ನ ಸೋದರ ಸಂಬಂಧಿ. 1901ರಲ್ಲಿ ಹವಾಯಿಯನ್ ಪೈನಾಪಲ್ ಕಂಪನಿ ಕಟ್ಟಿದ. ಹಣ್ಣನ್ನು ಹಡಗಿಗೆ ಹಾಕುವ ಬದಲು ಡಬ್ಬಿಗೆ ಹಾಕಿ ಕಳಿಸೋದು ಅವನ ಲೆಕ್ಕಾಚಾರ.

ಅಲ್ಲಿ ಬೆಳೆದ ತಳಿ ಸ್ಮೂತ್ ಕೆಯೆನ್. ಎಲೆಗೆ ಮುಳ್ಳು ಕಮ್ಮಿ, ಹಣ್ಣು ಕೊಳವೆಯಾಕಾರ, ಡಬ್ಬಿಗೆ ಹೇಳಿ ಮಾಡಿಸಿದ ಹಾಗೆ. ನಮ್ಮಲ್ಲಿ ಸಿಗುವ ದೊಡ್ಡ ಅನಾನಸ್ 'ಜೈಂಟ್ ಕ್ಯೂ' ಕೂಡ ಇದೇ ಕುಲದ್ದು. ಬನವಾಸಿ ಕಡೆಯ ತೋಟದ ಹಣ್ಣು ಹವಾಯಿ ಹಣ್ಣಿಗೆ ನೆಂಟ ಅಂದ್ರೂ ತಪ್ಪಾಗಲ್ಲ.

ಬೆಳೆಯೋದು ಸರಿ, ಸಿಪ್ಪೆ ತೆಗೆಯೋದು ಹೇಗೆ? ಅಮ್ಮನ ಪ್ರಶ್ನೆಯೇ ಡೋಲ್‌ಗೂ ತಲೆನೋವು. 1911ರಲ್ಲಿ ಅವನು ಹೆನ್ರಿ ಜಿನಾಕ ಎಂಬ ಎಂಜಿನಿಯರ್‌ನನ್ನು ಈ ಒಂದು ಕೆಲಸಕ್ಕಾಗಿಯೇ ಸೇರಿಸಿಕೊಂಡ. ಜಿನಾಕ ಮಾಡಿದ ಯಂತ್ರ ಹಣ್ಣಿನ ಸಿಪ್ಪೆ ಹೆರೆದು, ತುದಿ ಕತ್ತರಿಸಿ, ನಡುವಿನ ದಿಂಡನ್ನು ತೂತು ಕೊರೆದು ತೆಗೆಯುತ್ತಿತ್ತು. ಕೆಲವೇ ವರ್ಷದಲ್ಲಿ ಅದರ ವೇಗ ನಿಮಿಷಕ್ಕೆ 100 ಹಣ್ಣಿನ ಆಸುಪಾಸಿಗೆ ಬಂತು. ನನ್ನ ಕೇಕಿನ ಮೇಲೆ ಚಂದವಾಗಿ ಕೂತಿದ್ದ ಆ ದುಂಡು ಬಿಲ್ಲೆ, ನಡುವಿನ ತೂತು, ಎರಡೂ ಆ ಬಗೆಯ ಯಂತ್ರದ ಗುರುತು.

ಯಂತ್ರ ಬಿಟ್ಟ ಕೆಲಸ

ಯಂತ್ರ ಎಲ್ಲವನ್ನೂ ಮಾಡಲಿಲ್ಲ. ಅದು ಬಿಟ್ಟ ಕಣ್ಣುಗಳನ್ನು ಕೀಳೋಕೆ, ಬಿಲ್ಲೆಗಳನ್ನು ಆರಿಸಿ ಡಬ್ಬಿಗೆ ತುಂಬೋಕೆ ಸಾಲು ಸಾಲಾಗಿ ಹೆಂಗಸರು ನಿಂತಿರುತ್ತಿದ್ದರು. ತಲೆಗೆ ಟೋಪಿ, ಮೈಮೇಲೆ ಏಪ್ರನ್, ರಸ ತಾಗದಿರಲಿ ಅಂತ ಕೈಗೆ ರಬ್ಬರ್ ಗ್ಲೌಸ್. ಅಮ್ಮನ ಈಳಿಗೆಮಣೆಯ ಕೆಲಸವೇ, ಆದರೆ ಪಾಳಿ ಲೆಕ್ಕದಲ್ಲಿ, ಬೆಲ್ಟ್ ಓಡುವ ವೇಗಕ್ಕೆ.

ಹೊಲದಲ್ಲಿ ಇದ್ದವರು ಬಹುಪಾಲು ವಲಸೆ ಬಂದವರು. ಹವಾಯಿಯ ಕಬ್ಬಿನ ಪ್ಲಾಂಟೇಶನ್‌ಗಳಿಗೆ 1852ರಿಂದ ಚೀನಾದವರು, 1885ರಿಂದ ದೊಡ್ಡ ಸಂಖ್ಯೆಯಲ್ಲಿ ಜಪಾನಿನವರು, 1906ರಿಂದ ಫಿಲಿಪ್ಪೀನ್ಸ್‌ನವರು ಬಂದರು. ಅನಾನಸ್ ಹೊಲಗಳಿಗೂ ಕೂಲಿಯಾಳುಗಳು ಸಿಕ್ಕಿದ್ದು ಇದೇ ಜನರಿಂದ. ಆ ಪ್ಲಾಂಟೇಶನ್‌ಗಳಲ್ಲಿ ಕೂಲಿಗಳಿಗೆ 'ಬ್ಯಾಂಗೋ' ಎಂಬ ಲೋಹದ ಬಿಲ್ಲೆ ಕೊಡುತ್ತಿದ್ದರು. ಅದರ ಮೇಲೆ ಒಂದು ನಂಬರು. ಸಂಬಳ ಬಟವಾಡೆ ಆಗುತ್ತಿದ್ದದ್ದು ಆ ನಂಬರಿನ ಮೇಲೆ. ಇದನ್ನು ಓದುವಾಗ ನನ್ನ ಕೈ ತಾನಾಗೇ ಕೊರಳಲ್ಲಿದ್ದ ಐಡಿ ಕಾರ್ಡಿನ ಮೇಲೆ ಹೋಯ್ತು. ನಮ್ಮ ಎಸಿ ಆಫೀಸಿಗೂ ಅವರ ಹೊಲಕ್ಕೂ ಹೋಲಿಕೆ ಇಲ್ಲ, ಗೊತ್ತು. ಆದರೂ ಹೋಯ್ತು.

1922ರಲ್ಲಿ ಡೋಲ್ ಕಂಪನಿ ಲಾನಾಯ್ ಎಂಬ ದ್ವೀಪವನ್ನೇ ಹೆಚ್ಚೂಕಮ್ಮಿ ಪೂರ್ತಿ ಕೊಂಡುಕೊಂಡು ಅನಾನಸ್ ತೋಟ ಮಾಡಿತು. ಆಗ ಕೊಟ್ಟದ್ದು 11 ಲಕ್ಷ ಡಾಲರ್. 1951ರಲ್ಲಿ ಅದೇ ದ್ವೀಪದ ಕೆಲಸಗಾರರು ಕೂಲಿ ಹೆಚ್ಚಿಸಿ ಅಂತ ಮುಷ್ಕರ ಹೂಡಿ, ಸುಮಾರು ಏಳು ತಿಂಗಳು ಪಟ್ಟು ಬಿಡದೆ ಕೂತರು. ಬಹುಪಾಲು ಫಿಲಿಪ್ಪೀನ್ಸ್ ಮೂಲದವರು. ಹಣ್ಣು ಹೊಲದಲ್ಲೇ ಕೊಳೆಯಿತು. ಕೊನೆಗೆ ಕಂಪನಿ ಕೂಲಿ ಏರಿಸಿತು.

60,000 ಪಾಕವಿಧಾನಗಳು

ಇಷ್ಟೆಲ್ಲ ಡಬ್ಬಿ ತಯಾರಾದ ಮೇಲೆ ಮಾರಾಟ ಆಗಬೇಕಲ್ಲ? 1925ರಲ್ಲಿ ಕಂಪನಿ ಅಮೆರಿಕದ ಪತ್ರಿಕೆಗಳಲ್ಲಿ ಒಂದು ಸ್ಪರ್ಧೆ ಇಟ್ಟಿತು: ಡಬ್ಬಿ ಅನಾನಸ್ ಬಳಸಿ ಮಾಡುವ ಅಡುಗೆ ಕಳಿಸಿ ಅಂತ. ಬಂದದ್ದು ಸುಮಾರು 60,000. ಅದರಲ್ಲಿ ಸುಮಾರು 2,500 ಇದೇ ತಲೆಕೆಳಗು ಕೇಕ್!

ಇಲ್ಲಿ ಒಂದು ಮಾತು ಗಮನಿಸಿ. ಈ ಕೇಕನ್ನು ಕಂಪನಿಯೇ ಕಂಡುಹಿಡಿಯಿತು ಅಂತ ಕೆಲವರು ಹೇಳ್ತಾರೆ. 2,500 ಮನೆಗಳಿಂದ ಒಂದೇ ಅಡುಗೆ ಬಂತು ಅಂದ್ರೆ ಅದು ಆಗಲೇ ಮನೆಮನೆಯಲ್ಲಿ ಇತ್ತು ಅಂತಲೇ ಅರ್ಥ. ಎಲ್ಲ ಮನೆಯಲ್ಲೂ ಒಳ್ಳೆ ಒವನ್ ಇಲ್ಲದ ಕಾಲದಲ್ಲಿ ಅಲ್ಲಿನ ಹೆಂಗಸರು ದಪ್ಪ ಕಬ್ಬಿಣದ ಬಾಣಲೆಯಲ್ಲಿ ಸಕ್ಕರೆ, ಬೆಣ್ಣೆ, ಸೇಬೋ ಚೆರ್ರಿಯೋ ಹಾಕಿ, ಮೇಲೆ ಹಿಟ್ಟು ಸುರಿದು, ಒಲೆ ಮೇಲೇ ಬೇಯಿಸಿ ಬೋರಲು ಹಾಕುತ್ತಿದ್ದರು. 19ನೇ ಶತಮಾನದ ನಡುವಿನಲ್ಲಿ ಬೇಕಿಂಗ್ ಪೌಡರ್ ಅಂಗಡಿಗೆ ಬಂದ ಮೇಲೆ ಹಿಟ್ಟು ಉಬ್ಬಿಸಲು ಮೊಟ್ಟೆಯನ್ನು ರಟ್ಟೆ ನೋಯುವಷ್ಟು ಬಡಿಯುವ ಕೆಲಸವೂ ಕಡಿಮೆಯಾಯ್ತು. ಅಂಥ ಕೇಕಿನಲ್ಲಿ ಸೇಬಿನ ಜಾಗಕ್ಕೆ ಡಬ್ಬಿಯ ಅನಾನಸ್ ಬಂದು ಕೂತಿತು, ಅಷ್ಟೇ. ಯಾರು ಮೊದಲು ಹಾಗೆ ಮಾಡಿದ್ದು ಅನ್ನೋಕೆ ಹೆಸರಿಲ್ಲ. ಕಂಪನಿ ಮಾಡಿದ್ದು ಅದಕ್ಕೆ ಭರ್ಜರಿ ಪ್ರಚಾರ.

ಹವಾಯಿಯ ಅನಾನಸ್ ಕಾಲ ಈಗ ಹೆಚ್ಚೂಕಮ್ಮಿ ಮುಗಿದಿದೆ. ಕೂಲಿ ಅಗ್ಗ ಇರುವ ಕಡೆಗೆ ಕೃಷಿ ಹೋಯಿತು. 1990ರ ದಶಕದ ಶುರುವಿನಲ್ಲಿ ಹೊನೊಲುಲುವಿನ ಕಾರ್ಖಾನೆಯೂ ಲಾನಾಯ್ ತೋಟವೂ ನಿಂತವು. ಆ ಲಾನಾಯ್ ದ್ವೀಪದ 98 ಶೇಕಡಾ ಜಮೀನನ್ನು 2012ರಲ್ಲಿ ಕೊಂಡವರು ಯಾರು ಗೊತ್ತಾ? ಒರಾಕಲ್ ಸ್ಥಾಪಕ ಲ್ಯಾರಿ ಎಲಿಸನ್. ಡೇಟಾಬೇಸ್ ಮೇಲೆ ದಿನಾ ಕ್ವೆರಿ ಓಡಿಸುವ ಗೆಳೆಯರು ಇದನ್ನು ಕೇಳಿ ಒಂದು ಕ್ಷಣ ಸುಮ್ಮನಾದ್ರು.

ಹಾಗಾದ್ರೆ ಕೇಕ್ ಮಾಡಬಾರದಾ?

ಖಂಡಿತ ಮಾಡಿ. ನಾನೂ ಮಾಡ್ತೀನಿ. ಎಂಟು ಇಂಚಿನ ಪಾತ್ರೆಯಲ್ಲಿ ಮೂರು ಚಮಚ ಬೆಣ್ಣೆ ಕರಗಿಸಿ, ಅರ್ಧ ಕಪ್ ಬೆಲ್ಲದ ಪುಡಿ ಹರಡಿ, ಮೇಲೆ ಅನಾನಸ್ ಬಿಲ್ಲೆ ಜೋಡಿಸಿ. ಬೇರೆ ಪಾತ್ರೆಯಲ್ಲಿ ಒಂದು ಕಪ್ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ ಕಲಸಿ. ಅದಕ್ಕೆ ಒಂದೂವರೆ ಕಪ್ ಮೈದಾ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡಾ ಜರಡಿ ಹಿಡಿದು ಸೇರಿಸಿ, ಹಣ್ಣಿನ ಮೇಲೆ ಸುರಿಯಿರಿ. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಹೊರಗೆ ತೆಗೆದು ಹತ್ತು ನಿಮಿಷ ಬಿಟ್ಟು ಬೋರಲು ಹಾಕಿ. ತಕ್ಷಣ ಹಾಕಿದ್ರೆ ಬಿಸಿ ಪಾಕ ಕೈ ಸುಡುತ್ತೆ, ಪೂರ್ತಿ ಆರಿದ್ರೆ ಅಂಟಿಕೊಳ್ಳುತ್ತೆ.

ಅಮ್ಮ ಊರಿಗೆ ಹೊರಡುವ ಹಿಂದಿನ ದಿನ ಮತ್ತೆ ಮಾಡಿದ್ವಿ. ಈ ಸಲ ಟಿನ್ ತರಲಿಲ್ಲ, ಇಡೀ ಹಣ್ಣು ತಂದೆ. ಅಮ್ಮ ಕುರ್ಚಿ ಮೇಲೆ ಕೂತು ಹೇಳಿಕೊಟ್ರು, ನಾನು ಕತ್ತರಿಸಿದೆ. ಕಣ್ಣುಗಳು ಓರೆ ಸಾಲಿನಲ್ಲಿ ಇರ್ತವೆ, ಆ ಸಾಲು ಹಿಡಿದೇ ಗೀರಬೇಕು ಅನ್ನೋದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯ್ತು. ಒಂದು ಹಣ್ಣಿಗೆ ನನಗೆ ಹಿಡಿದದ್ದು 25 ನಿಮಿಷ. ಬಿಲ್ಲೆಗಳು ಒಂದೂ ದುಂಡಗೆ ಬರಲಿಲ್ಲ. ಬೆರಳು ರಾತ್ರಿವರೆಗೂ ಚುರುಚುರು ಅಂತಿತ್ತು.

ಮುಂದಿನ ವಾರ ಇನ್ನೊಂದು ಅಡುಗೆಮನೆಯ ಇತಿಹಾಸದ ಜೊತೆ ಸಿಗ್ತೀನಿ. ನಿಮ್ಮ ಮನೆಯಲ್ಲಿ ಅನಾನಸ್ ಸಿಪ್ಪೆ ತೆಗೆಯುವವರು ಯಾರು ಅಂತ ಅಷ್ಟರೊಳಗೆ ಒಂದು ಸಲ ನೋಡಿಕೊಳ್ಳಿ. ನಮಸ್ಕಾರ.