ಆಕಾಶದಿಂದ ಇಳಿದ ಇಂಜಿನಿಯರಿಂಗ್ ಪಾಠ

2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿ ನಮ್ಮ ಮಕ್ಕಳು ಮೊಬೈಲ್ ಹಿಡಿದು ಪಾಠ ಕೇಳತೊಡಗಿದಾಗ, ಇದೆಲ್ಲ ಹೊಸತೆಂದೇ ನೀವು ಭಾವಿಸಿರಬಹುದು. ಆದರೆ ಒಂದೆಡೆ ಕುಳಿತ ಉಪನ್ಯಾಸಕರು ದೂರದ ಜಿಲ್ಲೆಗಳ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅದೇ ಗಳಿಗೆಯಲ್ಲಿ ಪಾಠ ಹೇಳುವ ಏರ್ಪಾಡು ನಮ್ಮ ರಾಜ್ಯದಲ್ಲಿ 2004ರಲ್ಲೇ ಆರಂಭವಾಗಿತ್ತು.

ಇದರ ಬೇರು ಇನ್ನೂ ಹಿಂದಿನದು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ತಲುಪಿತು. ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. ಹಳ್ಳಿಯವರು ನೋಡಿದರು, ಕೇಳಿದರು. ತಿರುಗಿ ಪ್ರಶ್ನಿಸುವ ದಾರಿ ಮಾತ್ರ ಇರಲಿಲ್ಲ.

2004ರಲ್ಲಿ ಆ ದಾರಿ ತೆರೆಯಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಇಸ್ರೋ ನೆರವಿನಿಂದ, ಮೊದಲು ಇನ್ಸಾಟ್-3ಬಿ ಉಪಗ್ರಹದ ಮೂಲಕ, ಪ್ರಯೋಗ ನಡೆಸಿತು. ಅದೇ ವರ್ಷ ಸೆಪ್ಟೆಂಬರ್ 20ರಂದು, ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಶ್ರೀಹರಿಕೋಟಾದಿಂದ ಮೇಲೇರಿತು. ಶ್ರೇಯಸ್ಸನ್ನೆಲ್ಲ ಉಪಗ್ರಹಕ್ಕೇ ಕೊಡುವುದು ನನಗೆ ಸರಿಯೆನಿಸುವುದಿಲ್ಲ. 1998ರಲ್ಲಿ ಈ ವಿಶ್ವವಿದ್ಯಾಲಯ ಹುಟ್ಟುವ ಮೊದಲು ನಮ್ಮ ಇಂಜಿನಿಯರಿಂಗ್ ಕಾಲೇಜುಗಳು ಮೈಸೂರು, ಬೆಂಗಳೂರು, ಗುಲ್ಬರ್ಗ, ಮಂಗಳೂರು ಎಂದು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಹಂಚಿಹೋಗಿದ್ದವು. ಒಂದೊಂದಕ್ಕೂ ಅದರದೇ ಪಠ್ಯಕ್ರಮ, ಅದರದೇ ಪರೀಕ್ಷೆ. ಎಲ್ಲರಿಗೂ ಒಂದೇ ಪಠ್ಯ ಬಂದ ಮೇಲಲ್ಲವೇ, ಒಬ್ಬರ ಪಾಠ ಎಲ್ಲ ಕಾಲೇಜುಗಳಿಗೂ ಹೊಂದಿದ್ದು? ಅನುಭವಿ ಅಧ್ಯಾಪಕರು ಸಿಗದ ದೂರದ ಕಾಲೇಜಿನ ಹುಡುಗ ಹುಡುಗಿಯರಿಗೆ ಇದು ದೊಡ್ಡ ಆಸರೆಯೇ ಸರಿ.

ಕೆಲಸದ ರೀತಿ ಹೀಗೆ: ಸ್ಟುಡಿಯೋದಿಂದ ಹೊರಟ ಮಾತು ಸುಮಾರು 36,000 ಕಿ.ಮೀ. ಮೇಲಿನ ಉಪಗ್ರಹ ಮುಟ್ಟಿ, ಅಷ್ಟೇ ದೂರ ಕೆಳಗಿಳಿದು ಕಾಲೇಜಿನ ಡಿಶ್ ಸೇರುತ್ತದೆ. ಬೆಳಕಿನ ವೇಗದಲ್ಲಿ ಹೋದರೂ ಕಾಲು ಸೆಕೆಂಡು ಬೇಕು. ವಿದ್ಯಾರ್ಥಿ ಕೇಳಿ, ಉತ್ತರ ಮರಳುವಷ್ಟರಲ್ಲಿ ಅರ್ಧ ಸೆಕೆಂಡಾದರೂ ಮೌನ! ಆದರೆ ನಿಜವಾದ ತೊಡಕು ಅದಲ್ಲ. ಕೆಲವು ಕೇಂದ್ರಗಳಿಂದ ಮಾತ್ರ ಮರುಮಾತು ಸಾಧ್ಯ, ಉಳಿದವು ಬರೀ ನೋಡುವ ಕೇಂದ್ರಗಳು. ಎಲ್ಲರಿಗೂ ಮಾತು ಸಾಧ್ಯವೆಂದೇ ಇಟ್ಟುಕೊಳ್ಳಿ. ಗಂಟೆಯಲ್ಲಿ ಹತ್ತು ನಿಮಿಷ ಪ್ರಶ್ನೆಗೆ ಬಿಟ್ಟು, ಪ್ರಶ್ನೆಗೆ ಒಂದು ನಿಮಿಷ ಹಿಡಿದರೂ ಹತ್ತೇ ಕಾಲೇಜುಗಳ ಸರದಿ ಮುಗಿಯುತ್ತದೆ. ಇನ್ನು ಪ್ರಯೋಗಾಲಯದ ಪಾಠವನ್ನು ಯಾವ ಉಪಗ್ರಹವೂ ಇಳಿಸಲಾರದು.

ಎಜುಸ್ಯಾಟ್ 2010ರ ಸೆಪ್ಟೆಂಬರ್‌ನಲ್ಲಿ ಸೇವೆಯಿಂದ ನಿವೃತ್ತವಾಯಿತು. ಅಷ್ಟರಲ್ಲಿ ಐ.ಐ.ಟಿ.ಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಧ್ವನಿಮುದ್ರಿತ ಪಾಠಗಳು ಎನ್‌ಪಿಟಿಇಎಲ್ ಹೆಸರಿನಲ್ಲಿ ಅಂತರ್ಜಾಲಕ್ಕೆ ಬಂದಿದ್ದವು. ಅವನ್ನು ನಿಲ್ಲಿಸಿ, ಹಿಂದೆ ಸರಿಸಿ ಎಷ್ಟು ಸಲವಾದರೂ ಕೇಳಬಹುದು. ಪ್ರಶ್ನೆಯನ್ನು ಮಾತ್ರ ಅಲ್ಲೇ ಎದ್ದುನಿಂತು ಕೇಳುವಂತಿಲ್ಲ. 2020ರಲ್ಲಿ ನೇರ ಪಾಠ ಮತ್ತೆ ಬಂದಾಗ ಪ್ರಶ್ನೆ ಕೇಳುವ ಅವಕಾಶ ಪ್ರತಿ ಮೊಬೈಲಿನಲ್ಲೂ ಇತ್ತು. ಆದರೂ ನಮ್ಮ ಮಲೆನಾಡಿನ ಎಷ್ಟೋ ವಿದ್ಯಾರ್ಥಿಗಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತು ಪಾಠ ಕೇಳಿದರು.