ಚಂಡಮಾರುತಕ್ಕೆ ಮೂಗುದಾರ

1947ರ ಅಕ್ಟೋಬರ್ 13. ಅಮೆರಿಕದ ಫ್ಲಾರಿಡಾ ರಾಜ್ಯವನ್ನು ದಾಟಿ ಅಟ್ಲಾಂಟಿಕ್ ಸಾಗರಕ್ಕೆ ಇಳಿದಿದ್ದ ಚಂಡಮಾರುತವೊಂದು ಈಶಾನ್ಯ ದಿಕ್ಕಿಗೆ, ಅಂದರೆ ನೆಲದಿಂದ ದೂರಕ್ಕೆ, ಸಾಗುತ್ತಿತ್ತು. ಜಾಕ್ಸನ್‌ವಿಲ್ ನಗರದಿಂದ ಪೂರ್ವಕ್ಕೆ ಸುಮಾರು 560 ಕಿ.ಮೀ. ದೂರದಲ್ಲಿ ಸೇನೆಯ ವಿಮಾನವೊಂದು ಅದರ ಮೋಡಗಳ ಮೇಲೆ ಹಾರಿ ಸುಮಾರು 80 ಕಿಲೋ ಒಣ ಮಂಜುಗಡ್ಡೆಯನ್ನು ಸುರಿಯಿತು. ಒಣ ಮಂಜುಗಡ್ಡೆ ಎಂದರೆ ಘನರೂಪಕ್ಕೆ ಬಂದ ಇಂಗಾಲದ ಡೈಆಕ್ಸೈಡ್. ಅದರ ಚಳಿಗೆ ಮೋಡದ ನೀರು ಹೆಪ್ಪುಗಟ್ಟಿದರೆ ಚಂಡಮಾರುತ ಸೊರಗೀತೆಂಬ ಆಸೆ.

ಸೊರಗಲಿಲ್ಲ. ಬದಲಾಗಿ ಅದು ಪಶ್ಚಿಮಕ್ಕೆ ಹೊರಳಿ, ಅಕ್ಟೋಬರ್ 15ರಂದು ಜಾರ್ಜಿಯಾ ರಾಜ್ಯದ ಸವಾನಾ ಪಟ್ಟಣದ ಬಳಿ ದಡಕ್ಕೆ ಅಪ್ಪಳಿಸಿತು. ಸಮುದ್ರದ ಪಾಲಾಗಿ ಹೋಗುತ್ತಿದ್ದ ಮಾರಿಯನ್ನು ಕೆಣಕಿ ಊರಿಗೆ ಕರೆತಂದರೆಂದು ಜನ ಸಿಟ್ಟಾದರು. ಕೋರ್ಟಿಗೆ ಹೋಗುವ ಬೆದರಿಕೆ ಹಾಕಿದರು. ಜನರ ಶಂಕೆಯನ್ನು ತಳ್ಳಿಹಾಕಬೇಕಿದ್ದ ವಿಜ್ಞಾನಿಯೇ ಅದಕ್ಕೆ ಹೌದೆಂದು ತಲೆದೂಗಿದ್ದು ಈ ಕತೆಯ ವಿಶೇಷ. ಆತ ಸಾಮಾನ್ಯನಲ್ಲ, 1932ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಇರ್ವಿಂಗ್ ಲಾಂಗ್ಮ್ಯೂರ್. ಚಂಡಮಾರುತ ದಿಕ್ಕು ಬದಲಿಸಿದ್ದು ತಮ್ಮ ಪ್ರಯೋಗದಿಂದಲೇ ಎಂದು ಅವರು ನಂಬಿದ್ದರು.

ಹವಾಮಾನ ತಜ್ಞರು ದಾಖಲೆಗಳನ್ನು ಬಿಚ್ಚಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು. ಮಂಜುಗಡ್ಡೆ ಬೀಳುವ ಮೊದಲೇ ಚಂಡಮಾರುತ ಹೊರಳತೊಡಗಿತ್ತು. 1906ರಲ್ಲಿ, ಮೋಡ ಬಿತ್ತನೆಯ ಹೆಸರೇ ಇಲ್ಲದ ಕಾಲದಲ್ಲಿ, ಇನ್ನೊಂದು ಚಂಡಮಾರುತ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ತಿರುಗಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೆ. ಆದರೆ ಮುಂದಿನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಚಂಡಮಾರುತದ ತಂಟೆಗೆ ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ.

ಇಂಥ ಆತ್ಮವಿಶ್ವಾಸ ಬಂದದ್ದಾದರೂ ಎಲ್ಲಿಂದ? ಲಾಂಗ್ಮ್ಯೂರ್ ದುಡಿಯುತ್ತಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಅವರ ಸಹಾಯಕ ವಿನ್ಸೆಂಟ್ ಶೇಫರ್, 1946ರ ಬೇಸಿಗೆಯಲ್ಲಿ ಶೀತಪೆಟ್ಟಿಗೆಯೊಂದನ್ನು ಇನ್ನಷ್ಟು ತಣ್ಣಗಾಗಿಸಲೆಂದು ಒಣ ಮಂಜುಗಡ್ಡೆ ಹಾಕಿದರು. ಒಳಗಿದ್ದ ಉಸಿರಿನ ಮಂಜು ಕ್ಷಣದಲ್ಲಿ ಹೊಳೆಯುವ ಹರಳುಗಳಾಯಿತು. ಅದೇ ನವೆಂಬರ್ 13ರಂದು ಅವರು ವಿಮಾನದಲ್ಲಿ ಹೋಗಿ ನಿಜವಾದ ಮೋಡಕ್ಕೇ ಅದನ್ನು ಉದುರಿಸಿದಾಗ ಮೋಡದಿಂದ ಹಿಮ ಸುರಿಯಿತು. ಅದೇ ಪ್ರಯೋಗಾಲಯದ ಬರ್ನಾರ್ಡ್ ವಾನಗಟ್ ಸಿಲ್ವರ್ ಅಯೋಡೈಡಿನ ಕಣಗಳೂ ಇದೇ ಕೆಲಸ ಮಾಡುತ್ತವೆಂದು ತೋರಿಸಿದರು. ಶೂನ್ಯ ಡಿಗ್ರಿಗಿಂತ ತಣ್ಣಗಾದರೂ ಹೆಪ್ಪುಗಟ್ಟದೆ ಉಳಿದ ಅತಿಶೀತಲ ನೀರು ಮೋಡಗಳಲ್ಲಿರುತ್ತದೆ. ಅದಕ್ಕೆ ಹರಳಾಗಲು ಒಂದು ಬೀಜ ಬೇಕು. ಇದು ಗಟ್ಟಿ ವಿಜ್ಞಾನ. ಒಂದು ಮೋಡದಲ್ಲಿ ನಿಜವಾದದ್ದು ನೂರಾರು ಕಿ.ಮೀ. ಹರಡಿದ ಚಂಡಮಾರುತದಲ್ಲೂ ನಿಜವಾದೀತು ಎಂದು ಜಿಗಿದದ್ದೇ ಎಡವಟ್ಟಾಯಿತು.

1953ರಲ್ಲಿ ಇದೇ ಲಾಂಗ್ಮ್ಯೂರ್ ಒಂದು ಉಪನ್ಯಾಸ ಕೊಟ್ಟರು. ಪ್ರಾಮಾಣಿಕ ವಿಜ್ಞಾನಿಗಳೂ ಇಲ್ಲದ ಪರಿಣಾಮವನ್ನು ಇದೆಯೆಂದು ಕಂಡು ಮೋಸಹೋಗುವ ಬಗೆಯೇ ಅದರ ವಿಷಯ. ಅದಕ್ಕೆ ಅವರಿಟ್ಟ ಹೆಸರು ‘ರೋಗಗ್ರಸ್ತ ವಿಜ್ಞಾನ’. ಪರರ ರೋಗವನ್ನು ಅವರು ಕರಾರುವಾಕ್ಕಾಗಿ ಗುರುತಿಸಿದರು!

1954 ಮತ್ತು 1955ರಲ್ಲಿ ಸಾಲು ಸಾಲು ಚಂಡಮಾರುತಗಳು ಅಮೆರಿಕದ ಪೂರ್ವ ಕರಾವಳಿಯನ್ನು ಜಜ್ಜಿದವು. ಏನಾದರೂ ಮಾಡಲೇಬೇಕೆಂಬ ಒತ್ತಡದಲ್ಲಿ ಸರ್ಕಾರ ಸಂಶೋಧನೆಗೆ ಹಣ ಕೊಟ್ಟಿತು. 1961ರ ಸೆಪ್ಟೆಂಬರಿನಲ್ಲಿ ಎಸ್ತರ್ ಎಂಬ ಚಂಡಮಾರುತಕ್ಕೆ ನೌಕಾಪಡೆಯ ವಿಮಾನ ಸಿಲ್ವರ್ ಅಯೋಡೈಡ್ ಬಿತ್ತಿತು. ಮೊದಲ ದಿನ ಗಾಳಿ ಶೇ 10ರಷ್ಟು ಇಳಿಯಿತು. ಮರುದಿನ ಡಬ್ಬಿಗಳು ಗುರಿ ತಪ್ಪಿ ಬಿದ್ದವು, ಗಾಳಿ ಇಳಿಯಲಿಲ್ಲ. ಬಿತ್ತಿದಾಗ ಇಳಿಯಿತು, ತಪ್ಪಿದಾಗ ಇಳಿಯಲಿಲ್ಲ, ಇನ್ನೇನು ಬೇಕು? 1962ರಲ್ಲಿ ‘ಸ್ಟಾರ್ಮ್‌ಫ್ಯೂರಿ’ ಯೋಜನೆ ವಿಧಿವತ್ತಾಗಿ ಆರಂಭವಾಯಿತು.

ಅದರ ಹಿಂದಿನ ತರ್ಕ ಅಂದವಾಗಿತ್ತು. ಚಂಡಮಾರುತದ ನಡುವೆ ಗಾಳಿಯಿಲ್ಲದ ‘ಕಣ್ಣು’, ಅದರ ಸುತ್ತ ಅತಿ ರಭಸದ ಗಾಳಿಯಿರುವ ಮೋಡದ ಗೋಡೆ. ಈ ಗೋಡೆಯ ಹೊರಗಿನ ಮೋಡಗಳಿಗೆ ಬಿತ್ತಿದರೆ ಅತಿಶೀತಲ ನೀರು ಹೆಪ್ಪುಗಟ್ಟಿ ಗುಪ್ತೋಷ್ಣ ಬಿಡುತ್ತದೆ. ಆ ಶಾಖಕ್ಕೆ ಹೊರಗಿನ ಮೋಡಗಳು ಬೆಳೆದು ಹೊಸ ಗೋಡೆ ಕಟ್ಟುತ್ತವೆ. ಒಳಗಿನ ಗೋಡೆ ತೇವಾಂಶವಿಲ್ಲದೆ ಕುಸಿಯುತ್ತದೆ. ಸುತ್ತುವ ನರ್ತಕಿ ತೋಳು ಚಾಚಿದಾಗ ವೇಗ ಇಳಿಯುವಂತೆ, ಗೋಡೆಯ ವ್ಯಾಸ ದೊಡ್ಡದಾದಾಗ ಗಾಳಿಯೂ ನಿಧಾನವಾಗಬೇಕು.

1969ರ ಆಗಸ್ಟಿನಲ್ಲಿ ಡೆಬಿ ಎಂಬ ಚಂಡಮಾರುತ ಪ್ರಯೋಗಕ್ಕೆ ಹೇಳಿ ಮಾಡಿಸಿದಂತೆ ಸಿಕ್ಕಿತು. ಆಗಸ್ಟ್ 18 ಮತ್ತು 20ರಂದು, ಸುಮಾರು ಎರಡು ಗಂಟೆಗೊಮ್ಮೆ ಐದೈದು ಬಾರಿ ಬಿತ್ತಿದರು. ಗಾಳಿ ಮೊದಲ ದಿನ ಶೇ 31, ಎರಡನೆಯ ಬಾರಿ ಶೇ 18ರಷ್ಟು ಇಳಿಯಿತು. ನಡುವಿನ ಒಂದು ದಿನ ಬಿತ್ತನೆಯಿರಲಿಲ್ಲ, ಚಂಡಮಾರುತ ಮತ್ತೆ ಚೇತರಿಸಿಕೊಂಡಿತು. ವಿಜ್ಞಾನಿಗಳ ಸಂಭ್ರಮವನ್ನು ಊಹಿಸಬಹುದು.

ಆದರೆ ಕಣ್ಣಿಗೆ ಕಂಡದ್ದು ತಮ್ಮ ಕೈವಾಡವೋ ಚಂಡಮಾರುತದ ಸ್ವಭಾವವೋ ಎಂದು ತಿಳಿಯುವುದು ಹೇಗೆ? ಎರಡು ಗದ್ದೆ ಮಾಡಿ ಒಂದಕ್ಕೆ ಗೊಬ್ಬರ ಹಾಕಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಹೋಲಿಸಬಹುದು. ಡೆಬಿಯಂಥ ಇನ್ನೊಂದು ಡೆಬಿ ಇರಲಿಲ್ಲ. ಮೇಲಾಗಿ 1947ರ ಗುಮ್ಮ ಇನ್ನೂ ಬೆನ್ನಿಗಿತ್ತು. ಒಂದು ದಿನದೊಳಗೆ ಜನವಸತಿಯ ಹತ್ತಿರ ಸುಳಿಯುವ ಸಾಧ್ಯತೆ ಶೇ 10ಕ್ಕಿಂತ ಕಡಿಮೆ ಇರುವ ಚಂಡಮಾರುತವನ್ನು ಮಾತ್ರ ಮುಟ್ಟಬೇಕೆಂಬ ನಿಯಮವಿತ್ತು. ಹೀಗಾಗಿ 1961ರ ಎಸ್ತರ್ ಸೇರಿದಂತೆ ಹತ್ತು ವರ್ಷದಲ್ಲಿ ಸಿಕ್ಕಿದ್ದು ಒಟ್ಟು ನಾಲ್ಕು ಚಂಡಮಾರುತ, ಎಂಟು ದಿನ. 1971ರ ಜಿಂಜರ್ ಕೊನೆಯದು.

ಮುಟ್ಟದ ಚಂಡಮಾರುತದ ಆಪಾದನೆಯನ್ನೂ ಹೊರಬೇಕಾಗಿ ಬಂದದ್ದುಂಟು. 1965ರಲ್ಲಿ ಬೆಟ್ಸಿಗೆ ಬಿತ್ತಲು ಎಲ್ಲ ಸಜ್ಜಾಗಿ, ಅದು ನೆಲದತ್ತ ತಿರುಗಿದ್ದರಿಂದ ಕೈಬಿಡಲಾಯಿತು. ಸುದ್ದಿ ಪತ್ರಿಕೆಗಳನ್ನು ಮುಟ್ಟಲಿಲ್ಲ. ಬಿತ್ತನೆ ನಡೆಯಿತೆಂದೇ ಅಚ್ಚಾಯಿತು. ಬೆಟ್ಸಿ ಫ್ಲಾರಿಡಾ, ಲೂಸಿಯಾನಾಗಳನ್ನು ಹಾಳುಗೆಡವಿದಾಗ ಇದು ನಮ್ಮ ಕೆಲಸವಲ್ಲ ಎಂದು ಸಂಸತ್ ಸದಸ್ಯರನ್ನು ನಂಬಿಸಲು ವಿಜ್ಞಾನಿಗಳಿಗೆ ಸಾಕುಬೇಕಾಯಿತು. ಚಂಡಮಾರುತಗಳನ್ನು ಆಯುಧ ಮಾಡಿಕೊಳ್ಳುತ್ತಿದ್ದಾರೆಂದು ಕ್ಯೂಬಾ ದೂರಿತು. ಪ್ರಯೋಗವನ್ನು ಪೆಸಿಫಿಕ್ಕಿಗೆ ಒಯ್ಯುವ ಮಾತು ಬಂದಾಗ ಚೀನಾ ಒಪ್ಪಲಿಲ್ಲ. ಜಪಾನಿನ ತಕರಾರು ಇನ್ನೂ ಸ್ವಾರಸ್ಯಕರ: ಟೈಫೂನ್‌ಗಳು ನಮಗೆ ಮಳೆ ತರುತ್ತವೆ, ಅವನ್ನು ಕೆಡಿಸಬೇಡಿ!

ಕೊನೆಗೆ ಉತ್ತರ ಕೊಟ್ಟಿದ್ದು ಯಾರೂ ಬಿತ್ತದ ಚಂಡಮಾರುತಗಳು. 1980ರ ಅಲೆನ್ ಮತ್ತು ಅದರ ಹಿಂದಿನ ಕೆಲವನ್ನು ವಿಮಾನಗಳು ಹತ್ತಿರದಿಂದ ಅಳೆದಾಗ, ಅವು ತಾವಾಗಿಯೇ ಹೊರಗೊಂದು ಗೋಡೆ ಕಟ್ಟಿಕೊಂಡು, ಒಳಗೋಡೆಯನ್ನು ಕಳಚಿ, ಗಾಳಿ ಇಳಿಸಿಕೊಂಡು, ಮತ್ತೆ ಏರುತ್ತಿದ್ದವು. ಡೆಬಿಯಲ್ಲಿ ಕಂಡದ್ದೂ ಇದೇ. ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಗುತ್ತದೆ ಎಂದುಕೊಂಡ ಅಜ್ಜಿಗೆ, ಕೋಳಿಯಿಲ್ಲದ ಊರಲ್ಲೂ ಬೆಳಗಾಗುವುದು ಕಂಡಂತಾಯಿತು. ಅದಕ್ಕಿಂತ ಮೂಲಭೂತವಾದ ಇನ್ನೊಂದು ಸಂಗತಿಯೂ ಹೊರಬಿತ್ತು. ಚಂಡಮಾರುತದ ಮೋಡಗಳಲ್ಲಿ ಸಹಜವಾಗಿಯೇ ಮಂಜಿನ ಹರಳುಗಳು ತುಂಬಿರುತ್ತವೆ, ಅತಿಶೀತಲ ನೀರು ತೀರಾ ಕಡಿಮೆ. ಬಿತ್ತಲು ಹೊಲವೇ ಇರಲಿಲ್ಲ! 1983ರಲ್ಲಿ ಸ್ಟಾರ್ಮ್‌ಫ್ಯೂರಿ ಮುಚ್ಚಿತು. ಸೋಲನ್ನು ವಿವರವಾಗಿ ದಾಖಲಿಸಿದ ಪ್ರಬಂಧವನ್ನು 1985ರಲ್ಲಿ ಪ್ರಕಟಿಸಿದವರು ಅದೇ ಚಂಡಮಾರುತ ಸಂಶೋಧನಾ ವಿಭಾಗದವರು ಎಂಬುದನ್ನು ಮರೆಯಬಾರದು.

ಬಲಪ್ರಯೋಗದ ಸಲಹೆಗಳೂ ಇದ್ದವು. 1961ರಲ್ಲಿ ಅಮೆರಿಕದ ಹವಾಮಾನ ಇಲಾಖೆಯ ಮುಖ್ಯಸ್ಥ ಫ್ರಾನ್ಸಿಸ್ ರೈಕೆಲ್ಡರ್ಫರ್, ದೂರದ ಸಾಗರದಲ್ಲಿ ಚಂಡಮಾರುತದ ಮೇಲೆ ಅಣುಬಾಂಬ್ ಸಿಡಿಸುವ ಕಾಲವನ್ನು ಕಲ್ಪಿಸಿ ಮಾತನಾಡಿದ್ದರು. ಪೂರ್ಣ ಬೆಳೆದ ಚಂಡಮಾರುತ ಹೊರಬಿಡುವ ಶಾಖ, ಪ್ರತಿ 20 ನಿಮಿಷಕ್ಕೊಂದು 10 ಮೆಗಾಟನ್ ಬಾಂಬ್ ಸಿಡಿದಷ್ಟು ಎಂಬುದು ಅಲ್ಲಿನ ತಜ್ಞರದೇ ಲೆಕ್ಕ. ಅದರ ಎದುರು ಒಂದು ಬಾಂಬ್ ಯಾವ ಲೆಕ್ಕ? ವಿಕಿರಣದ ಧೂಳನ್ನು ಮಾತ್ರ ಗಾಳಿ ಊರೂರಿಗೆ ಹಂಚುತ್ತಿತ್ತು.

ಇಷ್ಟೆಂದ ಮಾತ್ರಕ್ಕೆ ಮೋಡ ಬಿತ್ತನೆಯೇ ಸುಳ್ಳಲ್ಲ. ಕರ್ನಾಟಕದಲ್ಲಿ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಹೆಸರಿನಲ್ಲಿ ಬಿತ್ತನೆ ನಡೆಯಿತು; ಬಿದ್ದ ಮಳೆಯಲ್ಲಿ ವಿಮಾನದ ಪಾಲೆಷ್ಟು, ಮುಂಗಾರಿನ ಪಾಲೆಷ್ಟು ಎಂಬ ಚರ್ಚೆಯೂ ನಡೆಯಿತು. ಪುಣೆಯ ಹವಾಮಾನ ವಿಜ್ಞಾನಿಗಳು ಸೊಲ್ಲಾಪುರದ ಮಳೆನೆರಳಿನ ಪ್ರದೇಶದಲ್ಲಿ 2018 ಮತ್ತು 2019ರಲ್ಲಿ, ಬಿತ್ತಿದ ಮೋಡಗಳನ್ನು ಬಿತ್ತದ ಮೋಡಗಳೊಂದಿಗೆ ಹೋಲಿಸಿಯೇ ಪ್ರಯೋಗ ಮಾಡಿದರು. ಸಿಕ್ಕ ಹೆಚ್ಚಳ ಸುಮಾರು ಶೇ 18. ಅದೂ ಮೊದಲೇ ಮಳೆ ಹೊತ್ತು ನಿಂತ ಮೋಡಗಳಿಂದ. ಇಲ್ಲದ ಮೋಡವನ್ನು ಯಾವ ವಿಮಾನವೂ ತರಲಿಲ್ಲ.

ಸಂಶಯ ಸಾಯದಿರಲು ಸರ್ಕಾರಗಳ ಗುಟ್ಟುಗಾರಿಕೆಯೂ ಕಾರಣ. 1967ರಿಂದ 1972ರವರೆಗೆ ಅಮೆರಿಕದ ಸೇನೆ ವಿಯೆಟ್ನಾಂ ಯುದ್ಧದಲ್ಲಿ ಶತ್ರುಗಳ ಸಾಗಣೆ ದಾರಿಯನ್ನು ಕೆಸರಾಗಿಸಲು ಗುಟ್ಟಾಗಿ ಮೋಡ ಬಿತ್ತಿತ್ತು. ಅದು ಬಯಲಾದ ಮೇಲೆ, ಹವಾಮಾನವನ್ನು ಯುದ್ಧಕ್ಕೆ ಬಳಸಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1977ರಲ್ಲಿ ಸಹಿ ಬಿತ್ತು. ಭಾರತವೂ ಅದರಲ್ಲಿದೆ. ಒಪ್ಪಂದವೇ ಇರುವಾಗ ವಿದ್ಯೆಯೂ ಇರಲೇಬೇಕು ಎಂದು ವಾದಿಸುವವರಿಗೆ ಇದು ಒಳ್ಳೆಯ ಸಾಮಗ್ರಿ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಅಮೆರಿಕದಲ್ಲಿ 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಎರಡೇ ವಾರದಲ್ಲಿ ಮಿಲ್ಟನ್ ಬಂತು. ಇವನ್ನು ಸರ್ಕಾರವೇ ಸೃಷ್ಟಿಸಿ ಬಿಟ್ಟಿದೆ ಎಂಬ ಮಾತು ಕಾಡ್ಗಿಚ್ಚಿನಂತೆ ಹಬ್ಬಿತು. ಅಲಾಸ್ಕಾದ ಹಾರ್ಪ್ ರೇಡಿಯೋ ಕೇಂದ್ರದ ಹೆಸರೂ ಬಂತು. ಆ ಕೇಂದ್ರ ಅಧ್ಯಯನ ಮಾಡುವುದು ಮಳೆಗಾಳಿಯ ಪದರಕ್ಕಿಂತ ಎಷ್ಟೋ ಮೇಲಿನ ಅಯಾನುಗೋಳವನ್ನು. ಹವಾಮಾನವನ್ನು ಯಾರೂ ನಿಯಂತ್ರಿಸಲಾರರೆಂದು ನಾರ್ತ್ ಕೆರೊಲಿನಾದ ಸಂಸತ್ ಸದಸ್ಯ ಚಕ್ ಎಡ್ವರ್ಡ್ಸ್ ಪ್ರಕಟಣೆ ಹೊರಡಿಸಬೇಕಾಯಿತು. ಮುನ್ಸೂಚನೆ ಕೊಟ್ಟ ಹವಾಮಾನ ತಜ್ಞರಿಗೇ ಕೊಲೆ ಬೆದರಿಕೆಗಳು ಬಂದವು. ನೂರೈವತ್ತು ವರ್ಷ ಕಲ್ಲಿದ್ದಲು, ತೈಲ ಸುಟ್ಟು ಸಾಗರವನ್ನು ಬೆಚ್ಚಗೆ ಮಾಡಿ ಚಂಡಮಾರುತಗಳಿಗೆ ಮೇವು ಹೆಚ್ಚಿಸಿರುವುದು ನಿಜ. ಆದರೆ ಹೋರಿಗೆ ಮೇವು ಹಾಕುವುದು ಬೇರೆ, ಮೂಗುದಾರ ಹಾಕುವುದು ಬೇರೆ.

1970ರ ದಶಕದ ಮಧ್ಯದಲ್ಲಿ ಸ್ಟಾರ್ಮ್‌ಫ್ಯೂರಿಗೆಂದು ಕೊಂಡ ಎರಡು ಓರಿಯನ್ ವಿಮಾನಗಳು ಯೋಜನೆ ಮುಚ್ಚಿದ ಮೇಲೂ ಹಾರುವುದನ್ನು ನಿಲ್ಲಿಸಲಿಲ್ಲ. ಸಿಲ್ವರ್ ಅಯೋಡೈಡಿನ ಬದಲು ಅವು ಗಾಳಿ, ಒತ್ತಡ, ತೇವಾಂಶಗಳನ್ನು ಅಳೆಯುವ ಉಪಕರಣಗಳನ್ನು ಪುಟ್ಟ ಪ್ಯಾರಾಚೂಟ್ ಕಟ್ಟಿ ಉದುರಿಸತೊಡಗಿದವು. ಚಂಡಮಾರುತ ಎಲ್ಲಿಗೆ ಬಂದೀತೆಂದು ಜನರಿಗೆ ಮುಂಚಿತವಾಗಿ ಹೇಳಲು ಆ ಅಳತೆಗಳು ಬೇಕು. 2024ರ ಅಕ್ಟೋಬರಿನಲ್ಲಿ ಮಿಲ್ಟನ್ನಿನ ಒಳಹೊಕ್ಕದ್ದು ಅವುಗಳಲ್ಲೊಂದು. ಅದು ಎಷ್ಟು ಕುಲುಕಿತೆಂದರೆ ಒಳಗಿನ ಸಾಮಾನುಗಳೆಲ್ಲ ಚೆಲ್ಲಾಪಿಲ್ಲಿಯಾದವು.